ಬೆಂಕಿ ಮಂಕಾದ ಹದಿನಾಲ್ಕು ತಿಂಗಳು

ತಿರುವನಂತಪುರ
೧೨ ಜೂನ್ ೧೯೭೫

ಹಿರಿಯರಾದ ಸುಬ್ರಾಯರಿಗೆ ಅಚ್ಯುತನ ನಮಸ್ಕಾರಗಳು.

ಈ ಕಾಗದವನ್ನು ನಿಮ್ಮ ಮಗಳು ಓದಿ ಹೇಳುತ್ತಾಳೆ. ಹರಿಣಾಕ್ಷಿ, ಅಪ್ಪನಿಗೆ ನೋವಾದೀತೆಂದು ಎಲ್ಲಿಯೂ ಸಾಲು ಹಾರಿಸಬೇಡಮ್ಮ. ಕವರಿನಲ್ಲಿ ಇನ್ನೊಂದು ದಪ್ಪ ಕಾಗದವಿದೆ, ಅದನ್ನು ಕೊನೆಗೆ ತೆಗೆದರೆ ಸಾಕು.

ಹೋದ ತಿಂಗಳು ಮಟ್ಟಾಂಚೇರಿಗೆ ನಿಮ್ಮನ್ನು ಹುಡುಕಿಕೊಂಡು ಬಂದವನು, ಹೇಳಬೇಕಾದದ್ದನ್ನು ಹೇಳದೆ ಚಹಾ ಕುಡಿದು ಎದ್ದುಹೋದೆ. ನಿಮಗೆ ಈಗ ಏನೂ ಕಾಣುವುದಿಲ್ಲವೆಂದು ಏಲೂರಿನ ಕಾರ್ಖಾನೆಯ ಗೇಟಿನಲ್ಲೇ ಹೇಳಿದ್ದರು. ಆದರೂ ನೀವು ನನ್ನ ದನಿ ಕೇಳಿದ್ದೇ ಗೋಡೆ ಹಿಡಿದು ಎದ್ದು ನಿಂತಿರಿ, ಮಗಳಿಗೆ ಕುರ್ಚಿ ತರಲು ಹೇಳಿದಿರಿ. ಆಮೇಲೆ ನೀವಾಡಿದ ಮಾತು ನನ್ನನ್ನು ಬಿಟ್ಟುಹೋಗಿಲ್ಲ. “ನಿಮ್ಮ ಮಿಶನ್ನೇ ಸರಿ ಮಾರಾಯ್ರೆ. ನನ್ನ ಅಂದಾಜಿಗೆ ಪ್ರಾಯ ಆಗಿತ್ತು,” ಅಂದಿರಿ. ಆರು ವರ್ಷ ನೀವು ಹಾಗೆಂದೇ ನಂಬಿದ್ದೀರಿ. ನಂಬಿಸಿದವನು ನಾನು.

೧೯೬೮ರ ಜನವರಿಯಲ್ಲಿ ನಮ್ಮ ಸಂಶೋಧನಾಲಯದವರು ನನ್ನನ್ನು ಏಲೂರಿಗೆ ಕಳಿಸಿದರು. ಉಕ್ಕಿನ ಗಟ್ಟಿಗಳನ್ನು ಕಾಯಿಸಿ ಸರಳು ಎಳೆಯುವ ಆ ಕಾರ್ಖಾನೆಯ ಕುಲುಮೆ ವಿಪರೀತ ಎಣ್ಣೆ ಕುಡಿಯುತ್ತಿತ್ತು. ಅದನ್ನು ಇಳಿಸುವ ದಾರಿ ಹುಡುಕುವುದು ನನ್ನ ಕೆಲಸ. ಎಲ್ಲರೂ ಮಲಯಾಳದಲ್ಲಿ ಕೂಗಾಡುತ್ತಿದ್ದ ಆ ಶೆಡ್ಡಿನಲ್ಲಿ ನೀವೊಬ್ಬರು ಕನ್ನಡ ಮಾತಾಡಿದಿರಿ. ಕಾಸರಗೋಡಿನ ನೀವು, ಮೈಸೂರಿನವರ ಕನ್ನಡಕ್ಕೆ ಸ್ವಲ್ಪ ಉಪ್ಪು ಸಾಲದೆಂದು ನನ್ನನ್ನು ತಮಾಷೆ ಮಾಡಿದಿರಿ. ಮರುದಿನ ನನಗೂ ಸೇರಿಸಿ ಪತ್ರೊಡೆ ಕಟ್ಟಿಸಿಕೊಂಡು ಬಂದಿರಿ. ಪರದೇಶಿಯಂತೆ ಹೋಟೆಲಿನ ಊಟ ಮಾಡುತ್ತಿದ್ದವನಿಗೆ ಅದು ಹಬ್ಬದಡಿಗೆ.

ನೀವು ನೀಲಿ ಗಾಜಿನಲ್ಲಿ ಕುಲುಮೆಯ ಕಿಂಡಿಯೊಳಗಿನ ಉರಿಯ ಹೊಳಪು ನೋಡಿ “ಸಾವಿರದಿನ್ನೂರು” ಅನ್ನುತ್ತಿದ್ದಿರಿ. ಅದರ ಮೇಲೆ ಎಣ್ಣೆ ಹೆಚ್ಚಿಸುತ್ತಿದ್ದಿರಿ ಅಥವಾ ಇಳಿಸುತ್ತಿದ್ದಿರಿ. ನಾನು ತಂದಿದ್ದ ಯಂತ್ರ ಅದೇ ಉಷ್ಣತೆಯನ್ನು ಅಳೆದು ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಗೆರೆ ಕಂಡರೆ ನಿಮ್ಮ ಅಂದಾಜು ಅದರ ಹಿಂದೆ ಹೋದೀತೆಂದು ಯಂತ್ರದ ಮುಖವನ್ನು ಗೋಡೆಗೆ ತಿರುಗಿಸಿಟ್ಟಿದ್ದೆ. ಪ್ರಯೋಗವೆಂದರೆ ಹಾಗೆಯೇ ಮಾಡಬೇಕು, ನಮಗೆ ಕಲಿಸಿದ್ದೇ ಹಾಗೆ. ನೀವೂ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಇಣುಕಲಿಲ್ಲ. ನೀವು ಅಷ್ಟು ಮರ್ಯಾದಸ್ಥರಾಗದೆ ಇದ್ದಿದ್ದರೆ ಚೆನ್ನಾಗಿತ್ತು.

ಮೊದಲ ಎರಡು ತಿಂಗಳು ನಿಮಗೂ ಯಂತ್ರಕ್ಕೂ ಇದ್ದ ವ್ಯತ್ಯಾಸ ಐದು ಡಿಗ್ರಿ. ಮೂರನೆಯ ತಿಂಗಳು ಹನ್ನೆರಡಾಯಿತು. ಆಮೇಲೆ ಏರುತ್ತಲೇ ಹೋಗಿ ಕೊನೆಯ ತಿಂಗಳಲ್ಲಿ ಅರವತ್ತಕ್ಕೆ ಮುಟ್ಟಿತು. ನೀವು ಸಾವಿರದಿನ್ನೂರು ಅನ್ನುವಾಗ ಒಳಗೆ ಸಾವಿರದಿನ್ನೂರ ಅರವತ್ತು ಉರಿಯುತ್ತಿತ್ತು. ನಾನು ಒಂದೊಂದು ತಿಂಗಳಿಗೆ ಒಂದೊಂದು ಚುಕ್ಕೆ ಇಟ್ಟು ನಕ್ಷೆ ಬರೆದೆ. ಚುಕ್ಕೆಗಳು ಅಚ್ಚುಕಟ್ಟಾಗಿ ಒಂದೇ ಏರಿನಲ್ಲಿ ಬಂದದ್ದು ನೋಡಿ ಹಿಗ್ಗಿದೆ.

ಆ ವರ್ಷದ ಮಳೆಗಾಲದಲ್ಲಿ ನೀವು ನನ್ನನ್ನು ಪಕ್ಕಕ್ಕೆ ಕರೆದಿರಿ. “ಬೆಂಕಿ ಯಾಕೋ ಮಂಕಾಗ್ತಾ ಉಂಟು. ಎಣ್ಣೆ ಸರಿ ಇಲ್ವಾ ಅಂತ,” ಅಂದಿರಿ. ನಾನು ಏನು ಮಾಡಿದೆ ಗೊತ್ತೇ? ಎಣ್ಣೆಯನ್ನು ಬಾಟಲಿಯಲ್ಲಿ ತುಂಬಿ ತಿರುವನಂತಪುರಕ್ಕೆ ಕಳಿಸಿ ಪರೀಕ್ಷೆ ಮಾಡಿಸಿದೆ. ಎಣ್ಣೆಯಲ್ಲಿ ದೋಷವಿಲ್ಲವೆಂದು ವರದಿ ಬಂತು. ಅದನ್ನು ಫೈಲಿಗೆ ಸೇರಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನ್ನ ಕೈಯಲ್ಲಿ ಕನ್ನಡಿಯೂ ಇತ್ತು.

ಮುಂದಿನದು ನಿಮಗೆ ಗೊತ್ತು. ಯಂತ್ರದ ಮುಖ ಈಚೆಗೆ ತಿರುಗಿಸಿ ಅದರಂತೆ ಕುಲುಮೆ ನಡೆಸಿದಾಗ ಎಣ್ಣೆ ನೂರಕ್ಕೆ ಹನ್ನೊಂದು ಪಾಲು ಉಳಿತಾಯವಾಯಿತು. ಕಣ್ಣಿನ ಅಂದಾಜು ನಂಬಲರ್ಹವಲ್ಲವೆಂದು ನಾನು ವರದಿ ಬರೆದೆ. ನಿಮ್ಮನ್ನು ಉಗ್ರಾಣಕ್ಕೆ ಹಾಕಿದರು. ಇಲ್ಲಿ ನನಗೆ ಚಪ್ಪಾಳೆ, ಬಡ್ತಿ.

ಈಗ ಎಣ್ಣೆಯ ಬೆಲೆ ಏರಿದ ಮೇಲೆ ಎಲ್ಲರಿಗೂ ಆ ವರದಿ ಬೇಕಾಯಿತು. ಬೇರೆ ಊರಿನ ಕಾರ್ಖಾನೆಯೊಂದು ಅದೇ ಯಂತ್ರ ಹಾಕಿಸಿತು. ಅವರಿಗೆ ಉಳಿದದ್ದು ಮೂರೇ ಪಾಲು. ಮಿಕ್ಕ ಎಂಟು ಎಲ್ಲಿ ಹೋಯಿತೆಂದು ಕಾಗದ ಬರೆದು ಕೇಳಿದರು. ಹಳೆಯ ಪುಸ್ತಕ ತೆಗೆದು ಆ ಚುಕ್ಕೆಗಳ ಮುಂದೆ ಕುಳಿತೆ. ಅಂದಾಜು ತಪ್ಪುವವನು ಒಮ್ಮೆ ಹೆಚ್ಚು ಹೇಳುತ್ತಾನೆ, ಒಮ್ಮೆ ಕಡಿಮೆ. ಹೀಗೆ ಒಂದೇ ಕಡೆಗೆ, ತಿಂಗಳು ತಿಂಗಳೂ ಜಾರುವುದಿಲ್ಲ. ಆ ಎಂಟು ಪಾಲು ನಿಮ್ಮ ಕಣ್ಣು, ಸುಬ್ರಾಯರೆ. ಹೋಗುತ್ತಿದ್ದ ದೃಷ್ಟಿಯ ಪಕ್ಕದಲ್ಲಿ ಯಂತ್ರ ನಿಲ್ಲಿಸಿ, ಯಂತ್ರ ಗೆದ್ದಿತೆಂದು ಬರೆದಿದ್ದೆ.

ಹೋದ ತಿಂಗಳು ನಿಮ್ಮ ಮನೆಯ ಮೆಟ್ಟಿಲಿಳಿಯುವಾಗ ಹರಿಣಾಕ್ಷಿ ಹೇಳಿದಳು: ಕಣ್ಣಿನೊಳಗಿನ ಒತ್ತಡದಿಂದ ನರ ಒಣಗಿದೆ, ನೋವಿಲ್ಲದೆ ಬರುವ ರೋಗ, ಎರಡು ವರ್ಷ ಮೊದಲೇ ಬಂದಿದ್ದರೆ ತೊಟ್ಟು ಔಷಧಿಯಲ್ಲೇ ದೃಷ್ಟಿ ಉಳಿಯುತ್ತಿತ್ತೆಂದು ಎರ್ನಾಕುಲಂನ ಡಾಕ್ಟರು ಎಪ್ಪತ್ತರಲ್ಲಿ ಹೇಳಿದರಂತೆ. ನಿಮಗೆ ತಿಳಿಯುವ ಹಾಗಿರಲಿಲ್ಲ. ತಿಳಿಯುವ ದಾರಿ ಇದ್ದದ್ದು ನನ್ನ ಪುಸ್ತಕದಲ್ಲಿ ಮಾತ್ರ.

ನನಗೆ ಅಳು ಬಂದಿಲ್ಲ. ಊಟ ಮಾಡುತ್ತೇನೆ, ಬಸ್ಸು ಹಿಡಿಯುತ್ತೇನೆ, ಸಹಿ ಹಾಕುತ್ತೇನೆ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಬೇಕಿತ್ತು, ಅದೂ ನೆಟ್ಟಗೆ ಹುಟ್ಟುತ್ತಿಲ್ಲ. ವರದಿ ತಪ್ಪೆಂದು ಬರೆದು ನಿರ್ದೇಶಕರಿಗೆ ಕೊಟ್ಟೆ. ಸ್ವಲ್ಪ ದಿನ ಸುಮ್ಮನಿರಿ ಅಂದರು. ಆದರೂ ಅಂಚೆಯಲ್ಲಿ ಅದರ ಪ್ರತಿಯನ್ನು ಎರಡೂ ಕಾರ್ಖಾನೆಗಳಿಗೆ ಕಳಿಸಿದ್ದೇನೆ. ನಿಮ್ಮ ಅಂದಾಜಿಗೆ ಪ್ರಾಯವಾಗಿರಲಿಲ್ಲ. ಕಣ್ಣು ಚೆನ್ನಾಗಿದ್ದಷ್ಟು ದಿನ ನೀವು ಯಂತ್ರಕ್ಕೆ ಸಮನಾಗಿದ್ದಿರೆಂದು ಅದರಲ್ಲಿ ನಿಮ್ಮ ಹೆಸರು ಹಿಡಿದು ಬರೆದಿದ್ದೇನೆ.

ಹರಿಣಾಕ್ಷಿ, ಈಗ ಆ ದಪ್ಪ ಕಾಗದ ತೆಗೆ. ಅದೇ ನಕ್ಷೆ. ಹದಿನಾಲ್ಕು ಚುಕ್ಕೆಗಳನ್ನೂ ಹಿಂದಿನಿಂದ ಸೂಜಿಯಲ್ಲಿ ಚುಚ್ಚಿದ್ದೇನೆ, ಬೆರಳಿಗೆ ಸಿಗುತ್ತವೆ. ಅಪ್ಪನ ಬೆರಳನ್ನು ಎಡಗಡೆಯ ಮೊದಲ ಚುಕ್ಕೆಯ ಮೇಲಿಡು. ಎರಡನೆಯದು ಅದರ ಪಕ್ಕದಲ್ಲೇ, ಅದೇ ಎತ್ತರದಲ್ಲಿದೆ. ಮೂರನೆಯದು ಸ್ವಲ್ಪ ಮೇಲೆ.

ಅಲ್ಲಿ ನಿಲ್ಲಿಸಿ, ಸುಬ್ರಾಯರೆ. ಅಲ್ಲಿ ನಾನು ನಿಮಗೆ ಹೇಳಬೇಕಿತ್ತು.

ನಿಮ್ಮಿಂದ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಹರಿಣಾಕ್ಷಿಗೆ ಒಳ್ಳೆಯದಾಗಲಿ, ನಿಮ್ಮ ಕೈ ಹಿಡಿದು ನಡೆಸುವ ಅವಳ ಕೈ ಗಟ್ಟಿಯಾಗಿರಲಿ.

ನಿಮ್ಮ ಪತ್ರೊಡೆ ತಿಂದ,
ಅಚ್ಯುತ