ಹನ್ನೊಂದನೇ ದಿನದ ಹಾಳೆ

ಭಾನುವಾರ, ಮಾರ್ಚ್ ೯

ಮನೆಯ ಮುಖ್ಯ ಕತ್ತರಿಯಾದ ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಕಾಗದ ಬಂತು. ಅಕ್ಷರಗಳು ಹೊಸದಾಗಿ ನಡೆಯಲು ಕಲಿತ ಮಗುವಿನ ಹಾಗೆ ತೂರಾಡುತ್ತಿವೆ, ಬೈಗುಳ ಮಾತ್ರ ನೆಟ್ಟಗೆ ನಿಂತಿದೆ. ಚೇತರಿಸಿಕೊಳ್ಳುತ್ತಿದ್ದೀಯ ಅನ್ನಲು ಅಷ್ಟು ಸಾಕು.

ನ್ಯುಮೋನಿಯಾ ಅಂತ ಐಸಿಯುನಲ್ಲಿ ಮಲಗಿದ ಹತ್ತೊಂಬತ್ತು ದಿನ ನಿನಗೆ ನೆನಪಿರುವುದಿಲ್ಲ, ದಿನಕ್ಕೊಂದು ಪುಟ ಬರೆದಿಡಿ ಅಂತ ನರ್ಸಮ್ಮ ನನಗೆ ನೋಟ್‌ಬುಕ್ ಕೊಟ್ಟಿದ್ದರು. ಅದನ್ನೆಲ್ಲ ಓದಿ ನೀನು ಕೇಳಿದ್ದು ಒಂದೇ: ಹನ್ನೊಂದನೇ ದಿನದ ಹಾಳೆ ಯಾಕೋ ಹರಿದೆ? ಕಾಫಿ ಚೆಲ್ಲಿತು ಅಂತ ಫೋನಿನಲ್ಲಿ ಹೇಳಿದೆ. ಸುಳ್ಳು.

ಅಪ್ಪನ ಗಡಿಯಾರದ ಅಂಗಡಿಯ ಹಿಂದಿನ ಕೋಣೆ ನೆನಪಿದೆಯಾ? ನೀನು ಹೊಲಿಗೆ ಮಿಷನ್ ತುಳಿಯುತ್ತಿದ್ದೆ, ನಾನು ಕೆಳಗೆ ಕೂತು ಬಟ್ಟೆ ಚೂರು ಆಯುತ್ತಾ ಪದ್ಯ ಕಟ್ಟುತ್ತಿದ್ದೆ. ಮೂರು ಸಾಲು ನನ್ನದು, ನಾಲ್ಕನೆಯದು ನಿನ್ನದು.

ಅಪ್ಪನ ಅಂಗಡೀಲಿ ನೂರು ಗಡಿಯಾರ,
ಒಂದೊಂದು ತೋರ್ಸೋದು ಒಂದೊಂದು ವಾರ,
ಗಿರಾಕಿ ಬಂದ್ರೆ ಅಪ್ಪಂಗೆ ಜ್ವರ...

ಅಲ್ಲಿಗೆ ನನ್ನ ಸರಕು ಮುಗಿಯುತ್ತಿತ್ತು. ನೀನು ಹಲ್ಲಿನಲ್ಲಿ ದಾರ ಕಡಿದು, ತಲೆಯನ್ನೂ ಎತ್ತದೆ, ಊಟಕ್ಕೆ ಕರೆದ್ರೆ ಕುದುರೆ ಸವಾರ ಅನ್ನುತ್ತಿದ್ದೆ. ಆಚೆ ಅಪ್ಪ ಜೋರಾಗಿ ಕೆಮ್ಮುತ್ತಿದ್ದರು. ನಗು ಮುಚ್ಚಿಕೊಳ್ಳಲು ಅಂತ ಈಗ ಅರ್ಥವಾಗುತ್ತದೆ.

ಹನ್ನೊಂದನೇ ದಿನ ಮಧ್ಯಾಹ್ನ ಡಾಕ್ಟರು, ನೋಡಬೇಕಾದವರನ್ನೆಲ್ಲ ಕರೆಸಿಬಿಡಿ ಅಂದರು. ಭಾವ ಹೊರಗಿನ ಬೆಂಚಿನಲ್ಲಿ ನಿನ್ನ ಚಪ್ಪಲಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪೇಪರಿಗೆ ಕೊಡೋಕೆ ನಾಲ್ಕು ಸಾಲು ನೀನೇ ಬರೆದಿಡು ಮಾರಾಯ, ನನ್ನ ಕೈಲಾಗಲ್ಲ ಅಂದರು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಊರವರಿಗೆಲ್ಲ ಐದು ನಿಮಿಷದಲ್ಲಿ ಶ್ರದ್ಧಾಂಜಲಿ ಹೊಂದಿಸಿ ಕೊಡುವವನು ನಾನು. ನೋಟ್‌ಬುಕ್ಕಿನ ಆ ದಿನದ ಹಾಳೆಯಲ್ಲೇ ಬರೆದೆ, ಅಕ್ಕ. ಮೂರು ಸಾಲು ಬಂತು. ನಾಲ್ಕನೆಯದಕ್ಕೆ ಅಭ್ಯಾಸಬಲದಿಂದ ಗಾಜಿನಾಚೆ ನಿನ್ನ ಕಡೆ ನೋಡಿದೆ. ಸಂಜೆಯವರೆಗೂ ನೋಡಿದೆ. ನೀನು ಒಂದಕ್ಷರ ಕೊಡಲಿಲ್ಲ. ಪ್ರಾಸ ಸಿಗ್ತಿಲ್ಲ ಭಾವ, ನಾಳೆ ನೋಡೋಣ ಅಂದೆ. ಅವರೂ ಒತ್ತಾಯ ಮಾಡಲಿಲ್ಲ. ಮರುದಿನ ನಿನ್ನ ಜ್ವರ ಇಳಿಯಿತು.

ಬೆರಳಿಗೆ ಬಲ ಬರಲಿ ಅಂತ ಆಸ್ಪತ್ರೆಯವರು ಹೇಳಿಕೊಟ್ಟ ಗುಂಡಿ ಹಾಕುವ ವ್ಯಾಯಾಮ ಬಿಡಬೇಡ. ಭಾವನನ್ನು ಬೈಯುವ ವ್ಯಾಯಾಮ ಹೇಗೂ ನಡೆದಿರುತ್ತದೆ.

ಇಂತಿ,
ನಿನ್ನ ಮೂರೇ ಸಾಲಿನ ತಮ್ಮ

ತಾ.ಕ.: ಹಾಳೆ ಹರಿದೆ, ಎಸೆಯಲಿಲ್ಲ. ಈ ಕಾಗದದ ಜೊತೆಗೇ ಇಟ್ಟಿದ್ದೇನೆ.

ಟೇಪು ಕೊರಳಲ್ಲಿ, ಸೂಜಿ ತುಟಿಯಲ್ಲಿ,
ಎಲ್ಲರ ಅಳತೆಯೂ ಇತ್ತು ಬಾಯಲ್ಲಿ,
ತಮ್ಮನ ಅಂಗಿ ಉಳಿಯಿತು ಅರ್ಧದಲ್ಲಿ...

ನಾಲ್ಕನೆಯದು ನಿನ್ನದು. ಏನೂ ಅವಸರವಿಲ್ಲ. ಮೊದಲು ಅಂಗಿ ಮುಗಿಸು.