ಕೂರಿಸುವ ಗುಂಡಿ

ಮಾವನವರೇ,

ಇತ್ತ ನಾವು ಕ್ಷೇಮ. ಅತ್ತ ನಿಮ್ಮ ಕ್ಷೇಮ ನಿಮ್ಮ ನಂಬಿಕೆಯಂತಿರಲಿ.

ದೇವರನ್ನು ನಂಬದ ಅಳಿಯ ಹೆಣಕ್ಕೂ ಮರ್ಯಾದೆ ಕೊಡಲಾರ ಎನ್ನುತ್ತಿದ್ದಿರಿ. ನಿನ್ನೆಯ ವರದಿ ಕೇಳಿ. ನಾಸಿಕ್‌ನ ರುದ್ರಭೂಮಿಯಲ್ಲಿ, ಕೂರಿಸಿ ಹೂಳುವ ನಮ್ಮ ಪದ್ಧತಿ ತಿಳಿಯದ ಅಲ್ಲಿನ ಆಳುಗಳು ನಿಮ್ಮನ್ನು ಮಲಗಿಸಲೆಂದು ಉದ್ದನೆಯ ಗುಂಡಿ ತೋಡಿದ್ದರು. ನಿತ್ಯ ಲಿಂಗಪೂಜೆ ತಪ್ಪಿಸದ ನಿಮ್ಮ ಮಗ ಶರಣಬಸವ ಬಿಸಿಲು ನೋಡಿ, "ಇರ್ಲಿ ಬಿಡ್ರಿ ಭಾವಾರ, ಮಲಗಿಸಿದ್ರಾತು. ದೇವರು ಅಡ್ಜಸ್ಟ್ ಮಾಡ್ಕೋತಾನ" ಎಂದ.

"ದೇವರು ಮಾಡ್ಕೋಬಹುದು ತಮ್ಮಾ, ನಿಮ್ಮಪ್ಪ ಮಾಡ್ಕೊಳ್ಳಾಂಗಿಲ್ಲ" ಎಂದೆ.

ಸಲಿಕೆ ಹಿಡಿದು ನಾನೂ ಇಳಿದೆ. ಕೂರಿಸುವಷ್ಟು ಆಳವಾದ ಮೇಲೆ ನಿಮ್ಮನ್ನು ಇಳಿಸಿಕೊಂಡು ಪದ್ಮಾಸನ ಹಾಕಿಸಿ, ಎಡಗೈಯಲ್ಲಿ ಲಿಂಗವಿಟ್ಟೆ. ನಂಬಿಕೆ ನನಗಿಲ್ಲ, ನಿಮಗಿತ್ತಲ್ಲ, ಅಷ್ಟು ಸಾಕಲ್ಲ!

ವಾದ ಶುರುವಾದೀತೆಂದು ಇಷ್ಟು ವರ್ಷ ನಿಮ್ಮ ಪಕ್ಕ ಊಟಕ್ಕೂ ಕೂತವನಲ್ಲ ನಾನು. ನಿನ್ನೆ ನೀವು ವಾಲದಂತೆ ತಲೆಯನ್ನು ನನ್ನ ಹೆಗಲಿಗಾನಿಸಿ ಹಿಡಿದುಕೊಂಡೆ. ಮೇಲಿನಿಂದ ಮಣ್ಣು ಬೀಳುತ್ತಿತ್ತು. ಅದು ನಿಮ್ಮ ಎದೆಮಟ್ಟಕ್ಕೆ ಬಂದ ಮೇಲೆ ಹಿಡಿಯುವ ಅಗತ್ಯವಿರಲಿಲ್ಲ.

"ಸಾಕು, ಮ್ಯಾಲ ಬರ್ರಿ ಭಾವಾರ" ಎಂದ ಶರಣಬಸವ.

"ತಡಿಯೋ, ಇನ್ನೊಂಚೂರು" ಎಂದೆ.