ನಾಲ್ಕನೇ ಪುಟದ ಸಹಿ

ಮಡಿಕೇರಿ, ಗುರುವಾರ

ಪ್ರೀತಿಯ ಅಪ್ಪನಿಗೆ ಕವನಾಳ ನಮಸ್ಕಾರ.

ತಿತಿಮತಿಯ ಕಾಡಿನ ಕ್ಯಾಂಪಿನಲ್ಲಿ ನಿಮಗೆ ಫೋನ್ ಸಿಗುವುದಿಲ್ಲ, ಅದಕ್ಕೇ ಈ ಪತ್ರ. ಜೊತೆಗಿರುವುದು ಜಾಹೀರಾತಿಗೆ ನನ್ನನ್ನು ಆರಿಸಿದ ಶೂ ಕಂಪನಿಯ ಕರಾರು. ನನಗಿನ್ನೂ ಹದಿನೆಂಟು ತುಂಬದ ಕಾರಣ ನಿಮ್ಮ ಸಹಿಯೂ ಬೇಕಂತೆ.

ಸೋಮವಾರ ಅವರು ನನ್ನನ್ನು ನಮ್ಮ ಹಾಕಿ ತಂಡದ ಜೆರ್ಸಿಯಲ್ಲಿ ಇಪ್ಪತ್ತು ಕ್ಯಾಮೆರಾಗಳ ನಡುವೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಕಂಪ್ಯೂಟರ್ ಸೃಷ್ಟಿಸಿದ ಇನ್ನೊಬ್ಬಳು ಕವನಾ ಓಡಿಬಂದು, ನನ್ನದೇ ದನಿಯಲ್ಲಿ, ನನಗೆ ಬಾರದ ಬಂಗಾಳಿ ಮಾತಾಡಿದಳು. ಆಮೇಲೆ ತಲೆ ವಾಲಿಸಿ ನಕ್ಕಳು. ಅಪ್ಪಾ, ಅದು ಅವ್ವನ ನಗು. ಅವ್ವ ತೀರಿಕೊಂಡು ಆರು ವರ್ಷವಾಯಿತು. ಆ ನಗು ನನ್ನ ಮುಖದಲ್ಲಿ ಉಳಿದಿದೆಯೆಂದು ನನಗೇ ಗೊತ್ತಿರಲಿಲ್ಲ.

ನನ್ನ ಮುಖ, ದನಿ ಎರಡೂ ಶಾಶ್ವತವಾಗಿ ಕಂಪನಿಯದು ಎಂದು, ಸಹಿಗೆ ಕೊಟ್ಟ ಕರಾರಿನ ನಾಲ್ಕನೇ ಪುಟದಲ್ಲಿತ್ತು.

"ನಾನು ಆಟ ಬಿಟ್ಟ ಮೇಲೂ ಇವಳನ್ನ ನಗಿಸ್ತೀರಾ ಸಾರ್?" ಎಂದು ಕೇಳಿದೆ.

"ಏನು ಬೇಕಾದ್ರೂ ಮಾಡಿಸ್ಬಹುದು," ಎಂದರು ಕಂಪನಿಯ ಮ್ಯಾನೇಜರ್, ಹೆಮ್ಮೆಯಿಂದ.

ಪೆನ್ನು ಕೆಳಗಿಟ್ಟು, ನಮ್ಮ ಕೋಚಿನ ತಂಗಿ, ವಕೀಲೆ ಯಮುನಕ್ಕನ ಹತ್ತಿರ ಓಡಿದೆ. "ಎಂತದಕ್ಕೂ ಸಹಿ ಹಾಕ್ಬೇಡ ಮಾರಾಯ್ತಿ, ನಾನು ಮಾತಾಡ್ತೇನೆ," ಎಂದರು. ಎರಡು ದಿನ ವಾದ ನಡೆಯಿತು. ಈಗ ಎರಡೇ ವರ್ಷ, ಶೂ ಜಾಹೀರಾತಿಗೆ ಮಾತ್ರ, ಪ್ರತಿಯೊಂದಕ್ಕೂ ನನ್ನ ಒಪ್ಪಿಗೆ ಬೇಕು, ಅವಧಿ ಮುಗಿದ ಮೇಲೆ ಎಲ್ಲವನ್ನೂ ಅಳಿಸಬೇಕು ಎಂದು ತಿದ್ದಿದ್ದಾರೆ.

ನೀವೂ ಓದಿ. ಆದರೆ ಅಲ್ಲೇ ಸಹಿ ಮಾಡಬೇಡಿ, ಭಾನುವಾರದ ಬಸ್ಸಿಗೆ ಇಲ್ಲಿಗೇ ಬನ್ನಿ. ಆ ಕವನಾ ನಗುವಾಗ ಪರದೆಯ ಮುಂದೆ ನಿಮ್ಮೊಬ್ಬರನ್ನೇ ಕೂರಿಸಬೇಕೆಂದು ಕಂಪನಿಯವರನ್ನು ಕೇಳಿಕೊಂಡಿದ್ದೇನೆ.

ನಿಮ್ಮ ಮಗಳು,
ಕವನಾ